ಹರ್ನಿಯಾ ಶಸ್ತ್ರಚಿಕಿತ್ಸೆ: ದೊಡ್ಡಾಸ್ಪತ್ರೆಯೋ, ತಾಲ್ಲೂಕು ಆಸ್ಪತ್ರೆಯೋ

ನಮ್ಮ ತಂದೆಯವರ ಹರ್ನಿಯಾ ಶಸ್ತ್ರಚಿಕಿತ್ಸೆ ಕೊನೆಗೂ ಆದದ್ದು ತಾಲ್ಲೂಕು ಆಸ್ಪತ್ರೆಯಲ್ಲಿ. ಅದಕ್ಕೂ ಮೊದಲು ಜಿಲ್ಲಾ ಕೇಂದ್ರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ನಾಲ್ಕು ತಿಂಗಳು ಅಲೆದಿದ್ದೆವು.

ದೊಡ್ಡಾಸ್ಪತ್ರೆಯ ವೈದ್ಯರ ಬಗ್ಗೆ ನನಗೆ ದೂರಿಲ್ಲ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಟೋಕನ್ ಪಡೆಯುವ ಸೌಲಭ್ಯವೂ ಅಲ್ಲಿತ್ತು. ಅದರಿಂದ ಹೊರರೋಗಿ ಚೀಟಿಯ ಸಾಲಿನಲ್ಲಿ ಅರ್ಧ ಗಂಟೆ ಉಳಿಯಿತು. ತಿಂಗಳುಗಳನ್ನು ನುಂಗಿದ್ದು ಶಸ್ತ್ರಚಿಕಿತ್ಸೆಗೆ ದೇಹ ಸಿದ್ಧವಿದೆಯೆಂಬ ಒಪ್ಪಿಗೆ, ಅಂದರೆ ‘ಫಿಟ್‌ನೆಸ್’. ರಕ್ತಪರೀಕ್ಷೆಗೆ ಒಂದು ದಿನ, ಇಸಿಜಿ ಮತ್ತು ಎಕ್ಸ್‌ರೇಗೆ ಇನ್ನೊಂದು ದಿನ, ಫಿಸಿಶಿಯನ್ ಅಭಿಪ್ರಾಯಕ್ಕೆ ಮತ್ತೊಂದು ದಿನ ಹೋಗಿಬಂದು, ಅರಿವಳಿಕೆ ವೈದ್ಯರ ಮುಂದೆ ಫೈಲು ಇಟ್ಟಾಗ ಸಕ್ಕರೆ ಹೆಚ್ಚಿದೆಯೆಂದು ವಾಪಸು ಕಳಿಸಿದರು. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಗಾಯ ಕೀವಾಗುವ ಅಪಾಯ ಹೆಚ್ಚಾದ್ದರಿಂದ ಅದು ಸರಿಯಾದ ನಿರ್ಧಾರವೇ; ಆದರೆ ಆ ಮಾತು ಮೊದಲ ದಿನವೇ ಗೊತ್ತಾಗಬಹುದಿತ್ತು. ಸಕ್ಕರೆ ಇಳಿಸಿಕೊಂಡು ಹೋಗುವ ಹೊತ್ತಿಗೆ ಉಳಿದ ವರದಿಗಳು ಹಳೆಯವಾಗಿದ್ದವು, ಎಲ್ಲವನ್ನೂ ಮತ್ತೆ ಮಾಡಿಸಬೇಕಾಯಿತು. ಕಡೆಗೆ ದಾಖಲಾಗಿ, ಹಿಂದಿನ ರಾತ್ರಿಯಿಂದ ಉಪವಾಸವಿದ್ದು ಮಧ್ಯಾಹ್ನ ಮೂರರವರೆಗೆ ಕಾದ ಮೇಲೆ, ಅಪಘಾತದ ಗಾಯಾಳುಗಳು ಬಂದಿದ್ದಾರೆಂದು ನಮ್ಮದನ್ನು ಮುಂದೂಡಿದರು. ನಮ್ಮನ್ನು ನೋಡುತ್ತಿದ್ದ ವೈದ್ಯರ ಯೂನಿಟ್ಟಿಗೆ ಓಟಿ (ಶಸ್ತ್ರಚಿಕಿತ್ಸಾ ಕೊಠಡಿ) ಸಿಗುವುದು ವಾರಕ್ಕೆ ಒಂದೇ ದಿನ, ಮುಂದಿನ ವಾರದ ಪಟ್ಟಿಯೋ ಆಗಲೇ ತುಂಬಿತ್ತು.

2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇರುವುದರಿಂದ, ಖಾಸಗಿ ಆಸ್ಪತ್ರೆಗೆ ರೆಫರಲ್ ಪತ್ರವನ್ನೂ ಕೇಳಿನೋಡಿದೆ. ಸರ್ಕಾರಿ ಆಸ್ಪತ್ರೆಯಲ್ಲೇ ಆಗುವ ಶಸ್ತ್ರಚಿಕಿತ್ಸೆಗೆ ಪತ್ರ ಸಿಗಲಿಲ್ಲ, ನಿಯಮವೇ ಹಾಗಿದೆ.

ತಾಲ್ಲೂಕು ಆಸ್ಪತ್ರೆಯ ಸರ್ಜನ್ ಮೊದಲು ನೋಡಿದ್ದೇ ಸಕ್ಕರೆಯನ್ನು. ಅದು ಮತ್ತೆ ಏರಿತ್ತು; ಇಳಿಯುವವರೆಗೆ ದಿನಾಂಕದ ಮಾತೇ ಎತ್ತಬೇಡಿ, ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಪರೀಕ್ಷಿಸಿಕೊಳ್ಳುತ್ತಿರಿ ಎಂದರು. ಇಳಿದ ಮೇಲೆ ಉಳಿದ ಪರೀಕ್ಷೆಗಳೆಲ್ಲ ಒಂದೇ ಬೆಳಿಗ್ಗೆ ಮುಗಿದವು; ಐದನೆಯ ವಾರಕ್ಕೆ, ಹೇಳಿದ ದಿನವೇ, ಮೆಶ್ (ಆಸರೆಯ ಬಲೆ) ಹಾಕಿ ಹೊಲಿದರು. ದೊಡ್ಡ ಅಪಘಾತದ ಪ್ರಕರಣಗಳನ್ನು 108 ಆಂಬ್ಯುಲೆನ್ಸಿನಲ್ಲಿ ಜಿಲ್ಲೆಗೆ ಸಾಗಿಸುವುದರಿಂದ ಇಲ್ಲಿನ ಪಟ್ಟಿ ಅಷ್ಟಾಗಿ ಕದಲುವುದಿಲ್ಲ. ತುರ್ತು ಸಿಸೇರಿಯನ್ ಬಂದದ್ದರಿಂದ ನಮಗೆ ಎರಡು ಗಂಟೆ ತಡವಾಯಿತು, ಅಷ್ಟೇ.

ಶೌಚಾಲಯದ ವಿಷಯ ಎರಡೂ ಕಡೆ ಕೇಳಬೇಡಿ.

ತಂದೆಯವರಿಗೆ ಹೃದಯದ ತೊಂದರೆ ಇದ್ದಿದ್ದರೆ, ಐಸಿಯು ಬೇಕಾಗಬಹುದೆಂದು ನಾನೂ ದೊಡ್ಡಾಸ್ಪತ್ರೆಯಲ್ಲೇ ಕಾಯುತ್ತಿದ್ದೆನೇನೋ. ಆದರೆ ಶಾಲಾ ಶಿಕ್ಷಕನಾದ ನನಗೆ ಪ್ರತಿ ಓಡಾಟವೂ ಒಂದು ಸಾಂದರ್ಭಿಕ ರಜೆ. ಜಿಲ್ಲಾ ಕೇಂದ್ರಕ್ಕೆ ಹನ್ನೊಂದು ರಜೆ ಹೋದವು, ತಾಲ್ಲೂಕಿಗೆ ಮೂರು. ಈಗ ತಂದೆಯವರಿಗೆ ಎಡಬದಿಯಲ್ಲೂ ಹರ್ನಿಯಾ ಕಾಣಿಸಿಕೊಂಡಿದೆ. ನಿನ್ನೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಿ ಬಂದೆವು.