ಮೂರು ಕಡೆ ಸೂಜಿ ಚುಚ್ಚಿಸಿಕೊಂಡ ಟೈಲರಮ್ಮನ ಲೆಕ್ಕ

ಮಂಗಳೂರಿನ ರಥಬೀದಿ ಹತ್ತಿರ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಕತ್ತು ಬಗ್ಗಿಸಿಯೇ ಕೆಲಸ. ಹೋದ ವರ್ಷ ಮೇ ತಿಂಗಳ ಮದುವೆ ಸೀಸನ್ನಿನಲ್ಲಿ ಬಲಭುಜ ಹಿಡಿದುಕೊಂಡಿತು, ಕತ್ತರಿ ಎತ್ತಲಿಕ್ಕೂ ಆಗದ ಹಾಗೆ. ಎಲುಬಿನ ಡಾಕ್ಟ್ರು ಎಕ್ಸ್‌ರೇ ನೋಡಿ, ಎಲುಬು ಸರಿ ಇದೆ, ಸ್ನಾಯು ಬಿಗಿದಿದೆ ಅಂದರು. ಮಾತ್ರೆ ಮುಗಿಯಿತು, ನೋವು ಮುಗಿಯಲಿಲ್ಲ. ಅಕ್ಯುಪಂಕ್ಚರ್ ಮಾಡಿಸಿ ನೋಡಿ ಅಕ್ಕ ಅಂತ ಗಿರಾಕಿಯೊಬ್ಬರು ಹೇಳಿದರು. ಸೂಜಿಗೆ ನಾನು ಹೆದರುವವಳಲ್ಲ, ಹೊರಟೆ. ಆರು ತಿಂಗಳಲ್ಲಿ ಮೂರು ಕಡೆ ಆಯಿತು.

ಮೊದಲನೆಯದು ಅಂಗಡಿಯಿಂದ ನಡೆದು ಹೋಗುವಷ್ಟು ಹತ್ತಿರ. ಗೋಡೆ ತುಂಬ ಫ್ರೇಮು ಹಾಕಿದ ಸರ್ಟಿಫಿಕೇಟುಗಳು. ಕಾಯುವಾಗ ಸುಮ್ನೆ ಓದಿದೆ. ಒಂದು ಮೂರು ತಿಂಗಳ ಕೋರ್ಸು, ಒಂದು ಹತ್ತು ದಿನದ ಶಿಬಿರ, ಮತ್ತೊಂದು ಸನ್ಮಾನಪತ್ರ! "ಸರಕಾರವೇ ಒಪ್ಪಿದ ಪದ್ಧತಿ" ಅಂತ ಬೋರ್ಡಿನಲ್ಲಿ ದೊಡ್ಡದಾಗಿ ಬರೆದಿತ್ತು. ಸುಳ್ಳಲ್ಲ, 2019ರಲ್ಲಿ ಕೇಂದ್ರ ಸರಕಾರ ಅಕ್ಯುಪಂಕ್ಚರನ್ನು ಒಂದು ಚಿಕಿತ್ಸಾ ಪದ್ಧತಿ ಅಂತ ಒಪ್ಪಿದೆ. ಹಾಗಂತ ಆ ಗೋಡೆಯ ಮೇಲಿದ್ದದ್ದನ್ನೆಲ್ಲ ಒಪ್ಪಿದ ಹಾಗಾಯಿತಾ?

ಅವರು ನಾಡಿ ಹಿಡಿದು ಎರಡೇ ನಿಮಿಷದಲ್ಲಿ ಕಿಡ್ನಿ ಶಕ್ತಿ ಕಡಿಮೆ ಅಂದರು. ಬಿಪಿ ಮಾತ್ರೆ ತಗೊಳ್ತೇನೆ ಅಂದೆ. ಅದನ್ನೂ ಬಿಡಿಸೋಣ ಅಂದರು. ಸೂಜಿ ಬಂದದ್ದು ಸ್ಪಿರಿಟ್ ಹಾಕಿದ ಸ್ಟೀಲ್ ತಟ್ಟೆಯಿಂದ. ಹೊಸ ಸೂಜಿ ಬಟ್ಟೆಯೊಳಗೆ ಗೊತ್ತೇ ಆಗದ ಹಾಗೆ ಇಳಿಯುತ್ತದೆ, ಹಳತು ನೂಲನ್ನು ಎಳೆಯುತ್ತದೆ. ಅವತ್ತು ನನ್ನ ಚರ್ಮಕ್ಕೂ ಅದೇ ಗೊತ್ತಾಯಿತು. ಒಬ್ಬರಿಗೆ ಚುಚ್ಚಿದ್ದನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಇನ್ನೊಬ್ಬರಿಗೆ ಚುಚ್ಚಿದರೆ ಹೆಪಟೈಟಿಸ್ ಬಿ ಅಂಟಬಹುದು. ಆದರೂ ಎರಡು ಸಲ ಹೋದೆ ನೋಡಿ, ಹತ್ತು ಸಿಟ್ಟಿಂಗಿನ ದುಡ್ಡು ಮೊದಲೇ ಕೊಟ್ಟಾಗಿತ್ತು.

ಎರಡನೆಯದಕ್ಕೆ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಉಡುಪಿ ಬಸ್ಸು ಹತ್ತಬೇಕಾಯಿತು. ಇವರು ಬಿಎನ್‌ವೈಎಸ್, ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಡಿಗ್ರಿ, ಓದಿದ ಡಾಕ್ಟ್ರು. ನಾಲ್ಕೂವರೆ ವರ್ಷ ಓದು, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್, ಅದರಲ್ಲಿ ಅಕ್ಯುಪಂಕ್ಚರೂ ಒಂದು ವಿಷಯ. ನಮ್ಮ ಉಜಿರೆಯಲ್ಲಿ 1989ರಿಂದ ಈ ಕಾಲೇಜು ಇದೆ. ಗೋಡೆಯಲ್ಲಿ ಎರಡೇ ಕಾಗದ, ಡಿಗ್ರಿ ಮತ್ತು ನೋಂದಣಿ. ಪ್ರಶ್ನೆಗಳೇ ಅರ್ಧ ಗಂಟೆ. ರಕ್ತ ತೆಳ್ಳಗಾಗುವ ಮಾತ್ರೆ ಇದೆಯಾ, ಶುಗರ್ ಇದೆಯಾ, ತಿಂಡಿ ತಿಂದಿದ್ದೀರಾ. ಹೊಟ್ಟೆ ಖಾಲಿ ಇದ್ದರೆ ತಲೆ ತಿರುಗುತ್ತದಂತೆ. ಬಿಪಿ ಮಾತ್ರೆ ಮಾತ್ರ ಬಿಡಲೇಬೇಡಿ ಅಂದರು.

ಸೂಜಿಯ ಪ್ಯಾಕೆಟ್ಟನ್ನು ನನ್ನ ಎದುರೇ ಹರಿದರು. ಕೂದಲಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಭುಜದ ಮೇಲೆ ಚುಚ್ಚುವಾಗ ಕೈ ಓರೆ ಮಾಡಿ, ಆಳಕ್ಕೆ ಇಳಿಸದೆ ಚುಚ್ಚಿದರು. ಯಾಕೆ ಅಂತ ಕೇಳಿದೆ. ಕೆಳಗೇ ಶ್ವಾಸಕೋಶ ಇದೆಯಲ್ಲ, ನೇರ ಆಳಕ್ಕೆ ಇಳಿಸಿದರೆ ತೂತು ಬೀಳಬಹುದು ಅಂದರು. ಮೊದಲನೆಯವರು ಅಲ್ಲಿಗೇ ನೇರ ಇಳಿಸಿದ್ದು ನೆನಪಾಗಿ ಬೆವರಿದೆ ಮಾರಾಯ್ರೆ! ಕೊನೆಗೆ ಎಣಿಸಿ ತೆಗೆದರು: ಹನ್ನೊಂದು ಹಾಕಿದ್ದು, ಹನ್ನೊಂದು ತೆಗೆದದ್ದು, ಎಲ್ಲ ಬಿಳಿ ಡಬ್ಬಿಗೆ. ನಾನೂ ಬ್ಲೌಸ್ ಕೊಡುವ ಮೊದಲು ಗುಂಡುಸೂಜಿ ಹಾಗೆಯೇ ಎಣಿಸುವುದು.

ಇದರಿಂದ ಖಂಡಿತ ಕಡಿಮೆ ಆಗುತ್ತದಾ ಅಂತ ಕೇಳಿದ್ದಕ್ಕೆ ಜರ್ಮನಿಯ ಒಂದು ಅಧ್ಯಯನದ ಕತೆ ಹೇಳಿದರು. 2007ರಲ್ಲಿ ಬಂದದ್ದು, ಸೊಂಟನೋವಿನ 1,162 ಜನರ ಮೇಲೆ. ಅಕ್ಯುಪಂಕ್ಚರಿನಲ್ಲಿ ಇಲ್ಲೇ ಚುಚ್ಚಬೇಕು ಅಂತ ಹೇಳುವ ಬಿಂದುವಿಗೇ ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 48 ಜನರಿಗೆ ಗುಣ ಕಂಡಿತು. ಬಿಂದು ಬಿಟ್ಟು ಬೇರೆಲ್ಲೋ ಚುಚ್ಚಿಸಿಕೊಂಡವರಲ್ಲಿ 44, ಮಾಮೂಲಿ ಔಷಧ, ವ್ಯಾಯಾಮದವರಲ್ಲಿ 27. "ಅಂದರೆ ಸೂಜಿಯಿಂದ ಉಪಯೋಗ ಇದೆ, ಬಿಂದುವಿನಿಂದಲೇ ಅಂತ ಹೇಳಲಿಕ್ಕೆ ಕಷ್ಟ" ಅಂದರು. ತನ್ನ ಅಂಗಡಿಯ ಮಾಲನ್ನು ಹೀಗೆ ಬಿಚ್ಚಿ ತೋರಿಸುವವರು ಎಷ್ಟು ಜನ ಸಿಗುತ್ತಾರೆ?

ಮೂರನೆಯದು ಮಂಗಳೂರಿನ ಒಬ್ಬ ಫಿಸಿಯೋಥೆರಪಿಸ್ಟ್. ಅವರು ಮಾಡುವುದು ಡ್ರೈ ನೀಡ್ಲಿಂಗ್. ಸೂಜಿ ಅದೇ, ಆದರೆ ಬಿಂದು ಗಿಂದು ಇಲ್ಲ. ಸ್ನಾಯುವಿನ ಗಂಟನ್ನು ಬೆರಳಲ್ಲಿ ಹುಡುಕಿ ಅದಕ್ಕೇ ಚುಚ್ಚುವುದು. ಸ್ನಾಯು ಮೀನಿನ ಹಾಗೆ ಒಮ್ಮೆ ಪಟ್ ಅಂತ ಹಾರಿತು. ಎರಡು ದಿನ ನೋವು ಜಾಸ್ತಿ, ಮೂರನೇ ದಿನ ಕೈ ತಲೆ ಮೇಲೆ ಹೋಯಿತು. ಜೊತೆಗೆ ನಾಲ್ಕು ವ್ಯಾಯಾಮ ಕೊಟ್ಟರು, ಕಟಿಂಗ್ ಟೇಬಲ್ಲನ್ನು ನಾಲ್ಕು ಇಂಚು ಎತ್ತರಿಸಿ ಅಂದರು.

ನೋವು ಬೇಗ ಬಿಟ್ಟದ್ದು ಮೂರನೆಯವರಲ್ಲಿ, ಸಮಾಧಾನ ಆದದ್ದು ಉಡುಪಿಯಲ್ಲಿ. ಅಲ್ಲಿ ಮಲಗಿದರೆ ಒಳ್ಳೇ ನಿದ್ರೆ ಬರುತ್ತದೆ, ಆದರೆ ಹೋಗಿ ಬರುವುದಕ್ಕೆ ಅರ್ಧ ದಿನದ ಕೆಲಸ ಹಾಳು. ಹಾಗಾಗಿ ಈಗ ಭುಜ ಹಿಡಿದರೆ ಫಿಸಿಯೋ, ತಲೆನೋವು ಜೋರಾದರೆ ಉಡುಪಿ. ನಿಜ ಹೇಳಬೇಕೆಂದರೆ ಟೇಬಲ್ ಎತ್ತರಿಸಿದ್ದರಿಂದಲೇ ಅರ್ಧ ಕಡಿಮೆಯಾಯಿತೋ ಏನೋ.

ಉಳಿದ ಎಂಟು ಸಿಟ್ಟಿಂಗಿನ ದುಡ್ಡು ಕೇಳಲಿಕ್ಕೆ ಮೊದಲನೆಯವರ ಹತ್ತಿರ ಎರಡು ಸಲ ಹೋದೆ. ನಾಳೆ ಬನ್ನಿ ಅಂದರು. ರಸೀದಿ ಇನ್ನೂ ನನ್ನ ಬಟನ್ ಡಬ್ಬಿಯಲ್ಲೇ ಇದೆ.