ಕೆಂಪು ಗಾಜಿನ ಲೋಟ ಕೊಳ್ಳುವ ಮೊದಲು ಹಗಲು ಬೆಳಕಿನ ಫೋಟೊ ಕೇಳಿ

ತಪ್ಪು ನನ್ನದೂ ಇದೆ, ಮೊದಲೇ ಹೇಳಿಬಿಡುತ್ತೇನೆ. ಆದರೂ ಬರೀತಿದ್ದೇನೆ, ಹೊಟ್ಟೆ ಉರಿ ಇನ್ನೂ ಆರಿಲ್ಲ.

ನಾವಿರುವುದು ಓಹಾಯೋದ ಕೊಲಂಬಸ್‌ನಲ್ಲಿ. ಆಂಕರ್ ಹಾಕಿಂಗ್ ಗಾಜಿನ ಕಾರ್ಖಾನೆಯ ಊರು ಲ್ಯಾಂಕಾಸ್ಟರ್ ಇಲ್ಲಿಂದ ಮುಕ್ಕಾಲು ಗಂಟೆ ದಾರಿ. 1938ರ ಹೊತ್ತಿಗೆ ಆ ಕಂಪನಿ 'ರಾಯಲ್ ರೂಬಿ' ಅಂತ ಹೆಸರಿಟ್ಟು ಕೆಂಪು ಗಾಜಿನ ತಟ್ಟೆ, ಲೋಟ, ಬಟ್ಟಲು ಮಾರಲು ಶುರು ಮಾಡಿತು. ನಾಲ್ಕು ವರ್ಷದಿಂದ ಅವನ್ನೇ ಒಂದೊಂದಾಗಿ ಕೂಡಿಸುತ್ತಿದ್ದೇನೆ. ಹೊಸಬಳೇನಲ್ಲ. ಕಾರ್ಖಾನೆ ಪಕ್ಕದಲ್ಲೇ ಕೂತು ಮೋಸ ಹೋದೆ ಅಂತ ನಮ್ಮ ಯಜಮಾನರು ನಗುತ್ತಾರೆ. ನಗಲಿ.

ಆನ್‌ಲೈನ್‌ನಲ್ಲಿ ಒಬ್ಬಳು ಮಾರಲು ಹಾಕಿದ್ದಳು: ಎಂಟು ಲೋಟದ ಸೆಟ್, 140 ಡಾಲರ್, ಪೋಸ್ಟೇಜ್ ಬೇರೆ. ಫೋಟೊದಲ್ಲಿ ಎಲ್ಲ ಒಂದೇ ಕೆಂಪು, ದಾಳಿಂಬೆ ಬಿಡಿಸಿಟ್ಟ ಹಾಗೆ. ಸಂಜೆ ಹೊತ್ತು, ಹಳದಿ ದೀಪ, ಕೆಳಗೆ ಕಂದು ಮೇಜುಬಟ್ಟೆ. ಆ ದೀಪ ನೋಡಿದಾಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ. "ಎಲ್ಲ ಒಂದೇ ಬಣ್ಣನಾ?" ಅಂತ ಕೇಳಿದೆ. "ಹೌದು ಡಿಯರ್, ಅಜ್ಜಿ ಮನೆಯ ಸೆಟ್. ಹಳೇ ಗಾಜು ನೋಡಿ, ಬಣ್ಣ ಸ್ವಲ್ಪ ಆಚೀಚೆ ಇರುತ್ತೆ" ಅಂದಳು.

ನಾನು ಬಿದ್ದದ್ದು ಈ ಮಾತಿಗೇ. ಯಾಕಂದ್ರೆ ಮಾತು ನಿಜ. ಕುಲುಮೆಯಿಂದ ಬರುವಾಗ ಈ ಗಾಜು ಕೆಂಪಾಗಿರುವುದೇ ಇಲ್ಲ. ಮತ್ತೆ ಕಾಯಿಸಿದಾಗ ಬಣ್ಣ ಏಳುತ್ತದೆ. ಕಾವು ಕಡಿಮೆಯಾದರೆ ಪೇಲವ, ಜಾಸ್ತಿಯಾದರೆ ಕಂದು. ಕೆಂಪು ಬರಲಿ ಅಂತ ತಾಮ್ರ ಹಾಕಿದ್ದು ಒಂದು ತರಹ, ಸೆಲೆನಿಯಂ ಅನ್ನೋ ಧಾತು ಹಾಕಿದ್ದು ಒಂದು ತರಹ. ಸೆಲೆನಿಯಂ ಗಾಜಿನ ಅಂಚಿನಲ್ಲಿ ಹಳದಿ, ಕಿತ್ತಳೆ ಉಳಿಯುವುದೂ ಉಂಟು, ಅದನ್ನೇ 'ಆ್ಯಂಬರೀನಾ' ಅಂತ ಹುಡುಕಿ ಕೊಳ್ಳುವವರಿದ್ದಾರೆ. ಬಂಗಾರ ಹಾಕಿದ್ದು ಗುಲಾಬಿಗೆ ತಿರುಗುತ್ತದೆ. ಇದೆಲ್ಲ ಗೊತ್ತಿದ್ದರಿಂದಲೇ ಸುಮ್ನೆ ತಲೆಯಾಡಿಸಿದೆ. ಏನೂ ಗೊತ್ತಿಲ್ಲದವಳಾಗಿದ್ದರೆ ಇನ್ನೆರಡು ಫೋಟೊ ಕೇಳುತ್ತಿದ್ದೆನೋ ಏನೋ.

ದುಡ್ಡನ್ನು ಆ್ಯಪ್‌ನಲ್ಲಿ ಸ್ನೇಹಿತರಿಗೆ ಕಳಿಸುವ ಹಾಗೆ ಕಳಿಸಿ, ಫೀಸ್ ಉಳಿಯುತ್ತೆ ಅಂದಳು. ಕಳಿಸಿದೆ. ಬೈಯಬೇಡಿ, ನಾನೇ ಬೇಕಾದಷ್ಟು ಬೈದುಕೊಂಡಿದ್ದೇನೆ.

ಶನಿವಾರ ಪೆಟ್ಟಿಗೆ ಬಂತು. ಲೋಟಗಳನ್ನು ಅಡುಗೆಮನೆ ಕಿಟಕಿಯಲ್ಲಿ ಸಾಲಾಗಿ ಇಟ್ಟೆ. ಮೂರು ಸರಿ ಇದ್ದವು. ಎರಡರ ತಳ ಕಿತ್ತಳೆ, ಆಕಾರವೂ ಬೇರೆ, ಬೇರೆ ಯಾರೋ ಮಾಡಿದ್ದು. ಇರಲಿ, ಆಚೀಚೆ ಅಂದಿದ್ದಳಲ್ಲ. ಉಳಿದ ಮೂರನ್ನು ತೊಳೆಯೋಣ ಅಂತ ಸಿಂಕಿಗೆ ಇಳಿಸಿದೆ. ಬಿಸಿನೀರು, ಸೋಪು, ಮೆತ್ತನೆ ಬಟ್ಟೆ. ಬಾಯಂಚಿನಲ್ಲಿ ಏನೋ ಮೆತ್ತಿದ ಹಾಗಿತ್ತು, ಹೆಬ್ಬೆರಳ ಉಗುರಿನಿಂದ ಕೆರೆದೆ. ಕೆಂಪು ಎದ್ದು ಬಂತು! ಹಳೇ ನೇಲ್ ಪಾಲಿಶ್ ಎದ್ದ ಹಾಗೆ, ಚಿಕ್ಕ ಹಾಳೆಯಾಗಿ ಅಂಗೈಗೆ ಅಂಟಿಕೊಂಡಿತು. ಅದರ ಕೆಳಗೆ ಬಣ್ಣವೇ ಇಲ್ಲದ ಬಿಳಿ ಗಾಜು. ಬರೀ ಬಿಳಿ ಗಾಜು. ಮಿಕ್ಕೆರಡನ್ನೂ ಕೆರೆದೆ, ಅದೇ ಕಥೆ. ನಲ್ಲಿ ಹರಿಯುತ್ತಲೇ ಇತ್ತು, ನಾನು ಪೆದ್ದಿ ಹಾಗೆ ಕೈ ನೋಡುತ್ತಾ ನಿಂತಿದ್ದೆ.

ಬಿಳಿ ಗಾಜಿನ ಮೇಲೆ ಕೆಂಪು ಹಚ್ಚಿ ಕಾಯಿಸಿದ ಹಳೇ ಲೋಟಗಳಿಗೆ ಅವುಗಳದೇ ಬೆಲೆ ಇದೆ. 1893ರ ಶಿಕಾಗೋ ವಿಶ್ವಮೇಳದಲ್ಲಿ ಹೆಸರು ಕೊರೆದು ಮಾರಿದ್ದು ಅಂಥವನ್ನೇ. ಆದರೆ ಆ ಬಣ್ಣ ಉಗುರಿಗೆ ಏಳುವುದಿಲ್ಲ. ಇದು ಪೇಂಟು. ಬರೀ ಪೇಂಟು.

ಮೆಸೇಜ್ ಮಾಡಿದೆ. ಮೊದಲ ಉತ್ತರ: "ಬಣ್ಣ ಆಚೀಚೆ ಇರುತ್ತೆ ಅಂತ ಮೊದಲೇ ಹೇಳಿದ್ದೆನಲ್ಲ." ಬಿಳಿ ಬಣ್ಣದವರೆಗೂ ಆಚೀಚೆನಾ? ಫೋಟೊ ಕಳಿಸಿದೆ. ಎರಡನೇ ಉತ್ತರ: "ಬಹುಶಃ ನೀವು ಗಟ್ಟಿ ಸೋಪು ಹಾಕಿದಿರಿ." ಮೂರನೆಯದು: "ಕೆಂಪು ಲೋಟ ಅಂದಿದ್ದೆ. ಬಂದಾಗ ಕೆಂಪಾಗಿಯೇ ಇತ್ತು ಅಲ್ವಾ?" ಇದನ್ನು ಓದಿ ಫೋನ್ ಸೋಫಾದ ಮೇಲೆ ಎಸೆದೆ. ಆಮೇಲೆ ಬ್ಲಾಕ್ ಮಾಡಿದಳು.

ನಮ್ಮೂರಲ್ಲಿ ಬಳೆಗಾರ ಒಂದು ಡಜನ್ ಬಳೆ ಕೊಡುವಾಗಲೂ ಬೆಳಕಿಗೆ ಹಿಡಿದು ತೋರಿಸುತ್ತಿದ್ದ. ಹಾಗೇ ಕೇಳಿ. ಕಿಟಕಿ ಪಕ್ಕ ಇಟ್ಟು ತೆಗೆದ ಫೋಟೊ, ಪ್ರತಿ ಲೋಟದ ತಳ, ಪ್ರತಿ ಲೋಟದ ಬಾಯಂಚು. ಸವೆದ ಕಡೆ ಬಿಳಿ ಕಂಡರೆ ಬಿಟ್ಟುಬಿಡಿ. ಸ್ನೇಹಿತರ ಲೆಕ್ಕದಲ್ಲಿ ದುಡ್ಡು ಅಂತೂ ಬೇಡವೇ ಬೇಡ, ವಾಪಸ್ ಕೇಳಲು ದಾರಿಯೇ ಇರುವುದಿಲ್ಲ. ಅಜ್ಜಿ ಕಥೆ ಹೇಳುವವರಿಂದ ಕೊಳ್ಳಲೇಬೇಡಿ, ಇದು ನನ್ನ ಸಿಟ್ಟಿನ ಮಾತು, ಬೇಕಾದರೆ ಬಿಡಿ.

ನಿನ್ನೆ ಯಜಮಾನರ ಫೋನಿನಿಂದ ನೋಡಿದೆ. ಅದೇ ಮೇಜುಬಟ್ಟೆ, ಅದೇ ಹಳದಿ ದೀಪ. ಈ ಸಲ ಹನ್ನೆರಡು ಲೋಟ.