ರೈಝೆನ್ 5600 ಸೆಟ್, ಐ5-12400ಎಫ್ ಸೆಟ್: ಮೊದಲ ಗೇಮಿಂಗ್ ಪಿಸಿಗೆ ಯಾವುದು?

ಮಾನಿಟರ್ ಬಿಟ್ಟು ಐವತ್ತು-ಅರವತ್ತು ಸಾವಿರದ ಆಸುಪಾಸಿನಲ್ಲಿ, 1080ಪಿ ಆಟಕ್ಕೆ ಪಿಸಿ ಜೋಡಿಸಬೇಕು ಅಂತ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕೊಟೇಶನ್ ಕೇಳಿ. ಕೈಗೆ ಬರುವ ಚೀಟಿಗಳಲ್ಲಿ ಹೆಚ್ಚಾಗಿ ಎರಡು ಜೋಡಿಗಳಿರುತ್ತವೆ: ಎಎಂಡಿ ರೈಝೆನ್ 5 5600 ಜೊತೆ ಬಿ450 ಅಥವಾ ಬಿ550 ಮದರ್‌ಬೋರ್ಡ್, ಇಲ್ಲವೇ ಇಂಟೆಲ್ ಐ5-12400ಎಫ್ ಜೊತೆ ಎಚ್610 ಅಥವಾ ಬಿ660. ಎರಡೂ 2022ರ ಪ್ರೊಸೆಸರ್‌ಗಳು, ಎರಡರಲ್ಲೂ 6 ಕೋರ್, 12 ಥ್ರೆಡ್. ಎರಡನ್ನೂ ಒಂದೇ ಗ್ರಾಫಿಕ್ಸ್ ಕಾರ್ಡ್, ಒಂದೇ 16 ಜಿಬಿ ರ‍್ಯಾಮ್ ಹಾಕಿ ಓಡಿಸಿ ನೋಡಿದರೆ ವ್ಯತ್ಯಾಸ ಕಾಣುವುದು ಆಟದಲ್ಲಿ ಅಲ್ಲ, ಬೋರ್ಡ್‌ನಲ್ಲಿ.

ಎಎಂಡಿಯ ಆರ್‌ಎಕ್ಸ್ 6600 ಮಟ್ಟದ ಗ್ರಾಫಿಕ್ಸ್ ಕಾರ್ಡ್ ಹಾಕಿ ಹೈ ಸೆಟ್ಟಿಂಗ್ಸ್‌ನಲ್ಲಿ ಆಡುವಾಗ ವೇಗ ತಡೆಯುವುದು ಕಾರ್ಡೇ. ಪ್ರೊಸೆಸರ್ ಯಾವುದಿದ್ದರೂ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಹೆಚ್ಚುಕಡಿಮೆ ಒಂದೇ. ವ್ಯಾಲೊರಂಟ್‌ನಂಥ ಹಗುರ ಆಟದಲ್ಲಿ ಎರಡೂ 144 ಹರ್ಟ್ಜ್ ಮಾನಿಟರ್‌ಗೆ ಸಾಕಾಗಿ ಮಿಗುತ್ತವೆ. ಹಾಗಾಗಿ ಕಾಗದದ ಮೇಲಿನ 32 ಎಂಬಿ ಕ್ಯಾಶ್, 18 ಎಂಬಿ ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಲೆಕ್ಕ ಇಟ್ಟುಕೊಂಡು ನಿರ್ಧರಿಸಬೇಡಿ.

ಬೋರ್ಡ್ ನೋಡಿ. ಇಂಟೆಲ್ ಕೊಟೇಶನ್ ಅಗ್ಗ ಕಂಡರೆ ಅದರಲ್ಲಿ ಎಚ್610 ಇರುತ್ತದೆ. ಎರಡೇ ರ‍್ಯಾಮ್ ಸ್ಲಾಟ್, ಎಂ.2 ಸ್ಲಾಟ್ (ಎಸ್‌ಎಸ್‌ಡಿ ಕೂರುವ ಜಾಗ) ಪಿಸಿಐಇ 3.0 ವೇಗಕ್ಕೆ ಸೀಮಿತ (ಪಿಸಿಐಇ ಅಂದರೆ ಬೋರ್ಡ್‌ನಲ್ಲಿ ಡೇಟಾ ಓಡಾಡುವ ದಾರಿ, 4.0 ಅದರ ಎರಡರಷ್ಟು ವೇಗ), ವಿಆರ್‌ಎಂ (ಪ್ರೊಸೆಸರ್‌ಗೆ ವಿದ್ಯುತ್ ಹದ ಮಾಡಿ ಕೊಡುವ ಭಾಗ) ಮೇಲೆ ಅನೇಕ ಬೋರ್ಡ್‌ಗಳಲ್ಲಿ ಹೀಟ್‌ಸಿಂಕ್ ಕೂಡ ಇಲ್ಲ. 12400ಎಫ್ ಟರ್ಬೋದಲ್ಲಿ 117 ವ್ಯಾಟ್‌ವರೆಗೆ ಎಳೆಯಬಲ್ಲದು. ಆಟದಲ್ಲಿ ಅಷ್ಟು ಎಳೆಯುವುದಿಲ್ಲ, ಎಚ್610 ನಿಭಾಯಿಸುತ್ತದೆ. ಆದರೆ ಮುಂದೆ ಅದೇ ಬೋರ್ಡ್‌ಗೆ 13 ಅಥವಾ 14ನೇ ತಲೆಮಾರಿನ ದೊಡ್ಡ ಪ್ರೊಸೆಸರ್ ಹಾಕುವ ಆಸೆ ಬೇಡ. ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಒಪ್ಪಿದರೂ ವಿಆರ್‌ಎಂ ಬಿಸಿಯಾಗಿ ವೇಗ ಇಳಿಯುತ್ತದೆ. 5600 ಜೊತೆ ಬಿ550 ಹಾಕಿದರೆ ಕಾರ್ಡ್‌ಗೂ ಮೊದಲ ಎಂ.2ಗೂ ಪಿಸಿಐಇ 4.0 ಸಿಗುತ್ತದೆ, ಮುಂದೆ 8 ಕೋರಿನ 5700ಎಕ್ಸ್ ಅದೇ ಬೋರ್ಡ್‌ನಲ್ಲಿ ಕೂರುತ್ತದೆ. ಬಿ550ಗೆ ಸರಿಸಮ ಹೋಲಿಕೆ ಅಂದರೆ ಬಿ660, ಎಚ್610 ಅಲ್ಲ. ಬಿ660 ಹಾಕಿದ ಮೇಲೆ ಇಂಟೆಲ್ ಸೆಟ್‌ನ ಅಗ್ಗ ಬಹುಮಟ್ಟಿಗೆ ಕರಗುತ್ತದೆ. ನಮ್ಮ ಆಯ್ಕೆ 5600 ಮತ್ತು ಬಿ550.

ಎಎಂಡಿಯ ಹೊಸ ಸಾಕೆಟ್ ಎಎಂ5 ಯಾಕೆ ಬೇಡ ಅಂತ ಕೇಳುವವರಿದ್ದಾರೆ. ಭವಿಷ್ಯ ಇರುವುದು ಆ ಸಾಕೆಟ್‌ಗೇ, ನಿಜ. ಆದರೆ ಅದಕ್ಕೆ ಹೊಸ ಬಗೆಯ ರ‍್ಯಾಮ್ ಡಿಡಿಆರ್5 ಕಡ್ಡಾಯ, ಮತ್ತು 2025ರ ಕೊನೆಯಿಂದ ರ‍್ಯಾಮ್ ದರ ಜೋರಾಗಿ ಏರಿದೆ. ಡಿಡಿಆರ್4 ಕೂಡ ಏರಿದೆಯಾದರೂ ಹಳೇ ಪಿಸಿಯಿಂದ ಬಿಚ್ಚಿದ ಒಳ್ಳೆಯ ಸ್ಟಿಕ್ ಸಿಗುವುದು ಡಿಡಿಆರ್4ನಲ್ಲೇ. ಈ ಬಜೆಟ್‌ನಲ್ಲಿ ಎಎಂ5ಗೆ ಹೋದರೆ ಕಾರ್ಡ್‌ನ ದುಡ್ಡು ಕತ್ತರಿಸಬೇಕಾಗುತ್ತದೆ. ಆಟದ ಪಿಸಿಯಲ್ಲಿ ಕತ್ತರಿಸಬಾರದ ದುಡ್ಡು ಅದೊಂದೇ.

ಇನ್ನು ಒಂದೇ ಥರ ಕೇಳಿಸುವ ಹೆಸರುಗಳು. 5600, 5600ಜಿ, 5500 ಮೂರೂ 6 ಕೋರ್. ಆದರೆ 5600ಜಿ ಮತ್ತು 5500ರಲ್ಲಿ ಎಲ್3 ಕ್ಯಾಶ್ 16 ಎಂಬಿ ಮಾತ್ರ, ಪಿಸಿಐಇ 3.0 ಮಾತ್ರ. ಬಿ550 ಬೋರ್ಡ್ ಕೊಂಡು 5500 ಹಾಕಿದರೆ ಬೋರ್ಡ್‌ಗೆ ಕೊಟ್ಟ ಹೆಚ್ಚಿನ ಹಣ ವ್ಯರ್ಥ. ಕಾರ್ಡ್ ಆರು ತಿಂಗಳ ನಂತರ ಕೊಳ್ಳುವವರಿಗೆ 5600ಜಿ ಸರಿ, ಅದರೊಳಗೆ ಗ್ರಾಫಿಕ್ಸ್ ಇದೆ. ಕಾರ್ಡ್ ಈಗಲೇ ಕೊಳ್ಳುವವರಿಗೆ ಬೇಡ.

ಕಾರ್ಡ್‌ನಲ್ಲಿ ಈ ಗೊಂದಲ ಇನ್ನೂ ದುಬಾರಿ. ಎನ್‌ವಿಡಿಯಾದ ಆರ್‌ಟಿಎಕ್ಸ್ 3050 ಅನ್ನುವ ಹೆಸರಿನಲ್ಲಿ 8 ಜಿಬಿ ಕಾರ್ಡೂ ಇದೆ, 2024ರಲ್ಲಿ ಬಂದ 6 ಜಿಬಿ ಕಾರ್ಡೂ ಇದೆ. 8 ಜಿಬಿಯದರ ಮೆಮೊರಿಯ ದಾರಿ 128 ಬಿಟ್ ಅಗಲ, 130 ವ್ಯಾಟ್. 6 ಜಿಬಿಯದು 96 ಬಿಟ್, 70 ವ್ಯಾಟ್, ಕೋರ್‌ಗಳೂ ಕಡಿಮೆ. ಕಡಿಮೆಯಾಗಿರುವುದು 2 ಜಿಬಿ ಮೆಮೊರಿ ಮಾತ್ರ ಅಲ್ಲ, ಚಿಪ್‌ನ ವೇಗವೇ ಇಳಿದಿದೆ. ಬ್ರ್ಯಾಂಡೆಡ್ ಆಫೀಸ್ ಪಿಸಿಯ ಸಣ್ಣ ಎಸ್‌ಎಂಪಿಎಸ್‌ಗೆ (ಪಿಸಿಗೆ ವಿದ್ಯುತ್ ಕೊಡುವ ಡಬ್ಬಕ್ಕೆ) ಕಾರ್ಡ್ ಸೇರಿಸುವವರಿಗೆ 6 ಜಿಬಿ ಕಾರ್ಡ್ ಒಳ್ಳೆಯದೇ, ಹೆಚ್ಚಿನ ಮಾದರಿಗಳಿಗೆ ಬೇರೆ ಪವರ್ ವೈರ್ ಬೇಕಿಲ್ಲ. ಹೊಸದಾಗಿ ಜೋಡಿಸುವವರು ಅದನ್ನು ಮುಟ್ಟಬೇಡಿ.

ಆರ್‌ಎಕ್ಸ್ 6600ರ ಮುಂದೆ 3050 8 ಜಿಬಿಯೂ ಮಾಮೂಲಿ ಆಟಗಳಲ್ಲಿ ಹಿಂದೆ ಬೀಳುತ್ತದೆ, ಸುಮಾರು ಕಾಲು ಭಾಗದಷ್ಟು. 6600ಕ್ಕೆ 132 ವ್ಯಾಟ್, ಒಂದೇ 8-ಪಿನ್ ವೈರ್. 3050 ಕೊಳ್ಳಲು ಗಟ್ಟಿ ಕಾರಣಗಳೂ ಇವೆ: ಬ್ಲೆಂಡರ್‌ನಲ್ಲಿ ರೆಂಡರ್ ಮಾಡುವವರು, ಕುಡಾ (ಎನ್‌ವಿಡಿಯಾ ಕಾರ್ಡ್‌ನಲ್ಲಿ ಲೆಕ್ಕ ಓಡಿಸುವ ಸಾಫ್ಟ್‌ವೇರ್) ಬೇಕಾದ ಕೋರ್ಸ್ ಓದುವವರು, ಯೂಟ್ಯೂಬ್‌ಗೆ ಲೈವ್ ಕೊಡುವವರು. ಎನ್‌ವಿಡಿಯಾದ ವಿಡಿಯೊ ಎನ್‌ಕೋಡರ್ ಚಿತ್ರ ಕೆಡಿಸದೆ ಸ್ಟ್ರೀಮ್ ಮಾಡುತ್ತದೆ, ಚಿಕ್ಕ ಚಿತ್ರವನ್ನು ಹಿಗ್ಗಿಸಿ ಎಫ್‌ಪಿಎಸ್ ಏರಿಸುವ ಅದರ ಡಿಎಲ್‌ಎಸ್‌ಎಸ್‌ನ ಚಿತ್ರ ಈ ಎಎಂಡಿ ಕಾರ್ಡ್‌ನ ಅಂಥದೇ ಎಫ್‌ಎಸ್‌ಆರ್‌ಗಿಂತ ಸ್ವಚ್ಛ. ಬರೀ ಆಟಕ್ಕೆ ಅಂದರೆ 6600.

ಆರ್‌ಎಕ್ಸ್ 6500 ಎಕ್ಸ್‌ಟಿ ಅಗ್ಗವಾಗಿ ಸಿಕ್ಕಿತೆಂದು ತರಬೇಡಿ. ಸಾಮಾನ್ಯವಾಗಿ ಸಿಗುವ ಮಾದರಿಗೆ 4 ಜಿಬಿ ಮೆಮೊರಿ, ಪಿಸಿಐಇ ಲೇನ್ (ಡೇಟಾದ ಸಾಲು) ಬರೀ 4. ಪಿಸಿಐಇ 3.0 ಬೋರ್ಡ್‌ಗೆ ಹಾಕಿದರೆ ಮೆಮೊರಿ ತುಂಬಿದ ಕ್ಷಣ ಆಟ ತಡವರಿಸುತ್ತದೆ, ಯಾಕೆಂದರೆ ತುಂಬಿ ಹರಿದ ಡೇಟಾ ಆ ಕಿರಿದಾದ ದಾರಿಯಲ್ಲೇ ಓಡಾಡಬೇಕು. 6600ಕ್ಕೆ 8 ಲೇನ್, 8 ಜಿಬಿ ಇರುವುದರಿಂದ ಪಿಸಿಐಇ 3.0ರ ಬಿ450ಯಲ್ಲೂ ನಷ್ಟ ಅತ್ಯಲ್ಪ. ದುಡ್ಡು ಸಾಲದಿದ್ದರೆ ಬಿ550 ಬಿಟ್ಟು ಬಿ450 ತೆಗೆದುಕೊಳ್ಳಿ, 6600 ಬಿಡಬೇಡಿ. ಇಂಟೆಲ್ ಆರ್ಕ್ ಎ750 ವೇಗದಲ್ಲಿ 6600ಕ್ಕೆ ಕಮ್ಮಿಯಿಲ್ಲ, ಆದರೆ 225 ವ್ಯಾಟ್ ಬೇಡುತ್ತದೆ, ರೀಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡ್‌ನ ಮೆಮೊರಿಯನ್ನೆಲ್ಲ ಒಮ್ಮೆಗೇ ತಲುಪಲು ಬಿಡುವ ಬೋರ್ಡ್ ಸೆಟ್ಟಿಂಗ್) ಆನ್ ಇರದಿದ್ದರೆ ವೇಗ ಕುಸಿಯುತ್ತದೆ, ಹಳೇ ಆಟಗಳಲ್ಲಿ ನಂಬಲಾಗದು. ಮೊದಲ ಪಿಸಿಗೆ ಬೇಡ.

ರ‍್ಯಾಮ್ ವಿಷಯ ಚಿಕ್ಕದು: 16 ಜಿಬಿಯ ಒಂದು ಸ್ಟಿಕ್‌ಗಿಂತ 8 ಜಿಬಿಯ ಎರಡು. ಡಿಡಿಆರ್4, 3200 ವೇಗ, ಸಿಎಲ್16 (ರ‍್ಯಾಮ್ ಉತ್ತರಿಸಲು ಹಿಡಿಯುವ ತಡ, ಕಡಿಮೆಯಿದ್ದಷ್ಟೂ ಒಳ್ಳೆಯದು). ನಾಲ್ಕು ಸ್ಲಾಟ್ ಇರುವ ಬೋರ್ಡ್‌ನಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ನೇ ಸ್ಲಾಟ್‌ಗೆ ಹಾಕಿ. ಬಯೋಸ್‌ನಲ್ಲಿ (ಬೋರ್ಡ್‌ನೊಳಗಿನ ಮೂಲ ಸಾಫ್ಟ್‌ವೇರ್) ರ‍್ಯಾಮ್ ಅನ್ನು ಅದರ ಡಬ್ಬದ ಮೇಲಿನ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆನ್ ಮಾಡದಿದ್ದರೆ ಅನೇಕ ಸ್ಟಿಕ್‌ಗಳು 2133 ಅಥವಾ 2666ರಲ್ಲೇ ಓಡುತ್ತವೆ. ವೇಗ ತೋರಿಸುವ ಸಿಪಿಯು-ಝಡ್ ಸಾಫ್ಟ್‌ವೇರ್‌ನಲ್ಲಿ 1600 ಮೆಗಾಹರ್ಟ್ಜ್ ಕಂಡರೆ ಗಾಬರಿ ಬೇಡ, ಅದರ ಎರಡರಷ್ಟೇ 3200. ಎಸ್‌ಎಸ್‌ಡಿಗೆ ಎಂ.2 ಸ್ಲಾಟ್‌ನ ಜೆನ್3 (ಪಿಸಿಐಇ 3.0) ಎನ್‌ವಿಎಂಇ ಸಾಕು, ಜೆನ್4ಗೆ ಹೆಚ್ಚು ಕೊಟ್ಟರೂ ಆಟ ತೆರೆಯುವ ಸಮಯದಲ್ಲಿ ಕಣ್ಣಿಗೆ ಕಾಣುವ ಲಾಭವಿಲ್ಲ. ಆ ಹಣ 500 ಜಿಬಿಯನ್ನು 1 ಟಿಬಿ ಮಾಡಲಿ.

ಎಸ್‌ಎಂಪಿಎಸ್ ಬಗ್ಗೆ ಮಾತ್ರ ಅವಸರ ಮಾಡಬಾರದು. 5600 ಹೆಚ್ಚೆಂದರೆ 76 ವ್ಯಾಟ್, 6600 132 ವ್ಯಾಟ್, ಉಳಿದದ್ದಕ್ಕೆ 50 ಹಿಡಿದರೆ ಒಟ್ಟು 260ರ ಹತ್ತಿರ. 12400ಎಫ್ ಸೆಟ್ ಆದರೆ 300. ಒಳ್ಳೆಯ ಕಂಪನಿಯ 450 ವ್ಯಾಟ್ ಸಾಕು, 550 ಇದ್ದರೆ ಮುಂದಿನ ಕಾರ್ಡ್‌ಗೂ ಆಯಿತು. ಹೀಗಿದ್ದರೂ ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ '500 ವ್ಯಾಟ್' ಡಬ್ಬ ಯಾಕೆ ಕೈಕೊಡುತ್ತದೆ? ಲೇಬಲ್ ಓದಿ. +12 ವೋಲ್ಟ್ ಎದುರು 18 ಆಂಪಿಯರ್ ಅಂತಿದ್ದರೆ 12 ಗುಣಿಸು 18, 216 ವ್ಯಾಟ್ ಅಷ್ಟೇ. ಪ್ರೊಸೆಸರ್, ಕಾರ್ಡ್ ಎರಡೂ ಕುಡಿಯುವುದು ಆ 12 ವೋಲ್ಟ್‌ನಿಂದಲೇ. ಡೆಸ್ಕ್‌ಟಾಪ್‌ನಲ್ಲಿ ತೊಂದರೆಯೇ ಕಾಣದೆ, ಆಟ ಶುರುವಾಗಿ ಕಾರ್ಡ್ ಪೂರ್ತಿ ಎಳೆದಾಗ ಪಿಸಿ ಪಟ್ಟನೆ ರೀಸ್ಟಾರ್ಟ್ ಆದರೆ ಮೊದಲು ಸಂಶಯಪಡಬೇಕಾದ್ದು ಇದನ್ನೇ. 80 ಪ್ಲಸ್ ಬ್ರಾಂಜ್ ಗುರುತು ಹೇಳುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಅನ್ನುವುದನ್ನು, ಒಳಗಿನ ಬಿಡಿಭಾಗ ಎಷ್ಟು ಗಟ್ಟಿ ಅನ್ನುವುದನ್ನಲ್ಲ. 5 ವರ್ಷ ವಾರಂಟಿ ಇರುವುದನ್ನೇ ಆರಿಸಿ.

ಕರೆಂಟ್ ಪದೇ ಪದೇ ಹೋಗುವ ಊರಿನವರು ಯುಪಿಎಸ್ ಲೆಕ್ಕವನ್ನೂ ಸೇರಿಸಿ. ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್ ಮಾತ್ರ. ಮಾನಿಟರ್ ಸೇರಿ ಆಟದ ಲೋಡ್ ಅದರ ಅಂಚಿಗೆ ಹತ್ತುತ್ತದೆ, ಹಾಗಾಗಿ 1000 ವಿಎ ಲೇಸು. ಬ್ಯಾಟರಿಗೆ ಬದಲಾದಾಗ ಅಗ್ಗದ ಯುಪಿಎಸ್ ಕೊಡುವ ಮೆಟ್ಟಿಲಿನಾಕಾರದ ತರಂಗ ಆಕ್ಟಿವ್ ಪಿಎಫ್‌ಸಿ (ವಿದ್ಯುತ್ತನ್ನು ಹದವಾಗಿ ಎಳೆಯುವ ಸರ್ಕ್ಯೂಟ್) ಇರುವ ಕೆಲವು ಎಸ್‌ಎಂಪಿಎಸ್‌ಗಳಿಗೆ ಒಗ್ಗುವುದಿಲ್ಲ, ಪಿಸಿ ಅಲ್ಲೇ ಆರುತ್ತದೆ. ಕೊಂಡ ವಾರದೊಳಗೆ ಆಟ ಓಡುತ್ತಿರುವಾಗಲೇ ಗೋಡೆಯ ಸ್ವಿಚ್ ಆರಿಸಿ ಪರೀಕ್ಷಿಸಿ. ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ ಅಂದರೆ ಸಾಮಾನ್ಯವಾಗಿ ತಪ್ಪು ಪಿಸಿಯದಲ್ಲ, ಮನೆಯ ಅರ್ತಿಂಗ್ ಇಲ್ಲ ಅಂತ. ಎಲೆಕ್ಟ್ರಿಷಿಯನ್ ಕರೆಸಿ, ಎರಡು ಪಿನ್ನಿನ ಅಡಾಪ್ಟರ್ ಹಾಕಿ ಸುಮ್ಮನಾಗಬೇಡಿ.

ಕ್ಯಾಬಿನೆಟ್‌ನಲ್ಲಿ ಮುಂಭಾಗ ಜಾಲರಿ ಇರಲಿ. ಬಣ್ಣದ ಲೈಟು, ಮುಚ್ಚಿದ ಗಾಜು ಇರುವುದರಲ್ಲಿ ಗಾಳಿ ಒಳಗೆ ಬರುವುದು ಪಕ್ಕದ ಸೀಳಿನಿಂದ ಮಾತ್ರ. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕೋಣೆಗೆ ಅದು ಒಗ್ಗದು.

ಜೋಡಿಸುವಾಗ ಎರಡು ಸೆಟ್‌ಗೂ ಬೇರೆ ಬೇರೆ ಎಚ್ಚರ. 5600 ಕೂರುವ ಎಎಂ4 ಸಾಕೆಟ್‌ನ ಸೆಟ್‌ನಲ್ಲಿ ಪಿನ್ ಇರುವುದು ಪ್ರೊಸೆಸರ್‌ನಲ್ಲಿ. ಅದರ ಡಬ್ಬದ ಕೂಲರ್ ಕೂರಿಸಲು ಬೋರ್ಡ್ ಮೇಲಿನ ಪ್ಲಾಸ್ಟಿಕ್ ಬ್ರಾಕೆಟ್ ಬಿಚ್ಚಬೇಕು. ಬಿಚ್ಚಿದ ಕೂಡಲೇ ಹಿಂಬದಿಯ ಲೋಹದ ಪ್ಲೇಟ್ ಕೆಳಗೆ ಬೀಳುತ್ತದೆ, ಅದನ್ನು ಒಂದು ಕೈಯಲ್ಲಿ ಹಿಡಿದು ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಮುಂದೆ ಕೂಲರ್ ತೆಗೆಯುವಾಗ ನೇರ ಎಳೆದರೆ ಪೇಸ್ಟ್‌ಗೆ ಅಂಟಿ ಪ್ರೊಸೆಸರೇ ಕಿತ್ತು ಬರುತ್ತದೆ. ಹತ್ತು ನಿಮಿಷ ಓಡಿಸಿ ಬೆಚ್ಚಗಾದ ಮೇಲೆ ಆಫ್ ಮಾಡಿ, ತುಸು ತಿರುಚಿ ತೆಗೆಯಿರಿ. ಇಂಟೆಲ್‌ನಲ್ಲಿ ಪಿನ್ ಇರುವುದು ಸಾಕೆಟ್‌ನಲ್ಲಿ, ಪ್ರೊಸೆಸರ್ ಜಾರಿ ಬಿದ್ದರೆ ಬೋರ್ಡೇ ಹೋಯಿತು. ಅದರ ಕೂಲರ್‌ನ ಪುಶ್‌ಪಿನ್ ನಾಲ್ಕೂ ಹಿಂಬದಿಯಲ್ಲಿ ಹೊರಬಂದಿವೆಯೇ ನೋಡಿ. ಒಂದು ಸಡಿಲ ಉಳಿದರೂ 12400ಎಫ್ 90 ಡಿಗ್ರಿ ದಾಟಬಹುದು. ಈ ಕೆಲಸದಲ್ಲಿ ಎಎಂಡಿಯ ಸ್ಕ್ರೂ ಹೆಚ್ಚು ನಂಬಿಕಸ್ಥ.

ಎಲ್ಲ ಸೇರಿಸಿದ ಮೇಲೆ ಡಿಸ್‌ಪ್ಲೇ ಬರದಿದ್ದರೆ ಮೊದಲು ಎಚ್‌ಡಿಎಂಐ ವೈರ್ ನೋಡಿ. 5600ರಲ್ಲೂ 12400ಎಫ್‌ನಲ್ಲೂ ಗ್ರಾಫಿಕ್ಸ್ ಇಲ್ಲ, ಬೋರ್ಡ್‌ನ ಪೋರ್ಟ್‌ಗೆ ಚುಚ್ಚಿದರೆ ಪರದೆ ಕಪ್ಪಾಗಿಯೇ ಇರುತ್ತದೆ. ಬಿ450ಗೆ 5600 ಹಾಕಿದವರಿಗೆ ಇನ್ನೊಂದು ಕಾರಣ ಇರಬಹುದು: ಹಳೇ ಬಯೋಸ್. ಡಬ್ಬದ ಮೇಲೆ ರೈಝೆನ್ 5000 ರೆಡಿ ಸ್ಟಿಕ್ಕರ್ ಇಲ್ಲದಿದ್ದರೆ ಅಂಗಡಿಯಲ್ಲೇ ಅಪ್‌ಡೇಟ್ ಮಾಡಿಸಿ, ಇಲ್ಲವೇ ಪೆನ್‌ಡ್ರೈವ್‌ನಿಂದ ನೇರವಾಗಿ ಬಯೋಸ್ ಅಪ್‌ಡೇಟ್ ಮಾಡುವ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡ್ ಕೊಳ್ಳಿ.

ಬಿಲ್ ಜಿಎಸ್‌ಟಿ ಸಹಿತ ಇರಲಿ, ಪ್ರತಿ ಸಾಮಾನಿನ ಸೀರಿಯಲ್ ನಂಬರ್ ಬರೆಸಿ, ಡಬ್ಬದ ಮೇಲಿನದಕ್ಕೆ ತಾಳೆ ನೋಡಿ. '3050' ಅಂತ ಮೊಟಕಾಗಿ ಬರೆದರೆ ಒಪ್ಪಬೇಡಿ, '3050 8 ಜಿಬಿ' ಅಂತಿರಬೇಕು. 'ರೈಝೆನ್ 5' ಅಂತ ಬರೆದು ಬಿಟ್ಟಿದ್ದರೆ 5500 ಕೊಟ್ಟು 5600ರ ದರ ಹಾಕಿದರೂ ಆಮೇಲೆ ಕೇಳಲು ಕೈಯಲ್ಲಿ ಏನೂ ಇರುವುದಿಲ್ಲ.